ಎದೆಯ ದನಿಗೆ ಕಿವಿಗೊಟ್ಟ ವೈದ್ಯ: ರೆನೆ ಲಾಯೆನೆಕ್

ಮಾರ್ಗಶಿರ, ಪುಷ್ಯ ಮಾಸಗಳ ಚಳಿಗಾಳಿ ಬೀಸತೊಡಗಿದೊಡನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳಲ್ಲಿ ಹಸುಗೂಸುಗಳ ಕೆಮ್ಮು ಕೇಳಿಬರುವುದು ವಾಡಿಕೆ. ಬಹುಪಾಲು ಕೆಮ್ಮು ಕೆಲವು ದಿನಗಳಲ್ಲಿ ತಾನಾಗಿಯೇ ಅಡಗುತ್ತದೆ. ಆದರೆ ಕೆಲವು ಕೂಸುಗಳಲ್ಲಿ ಅದು ಗಂಟಲನ್ನು ದಾಟಿ ಎದೆಗಿಳಿಯುತ್ತದೆ. ಉಸಿರು ಏರುತ್ತದೆ, ಪಕ್ಕೆ ಒಳಸೇದುತ್ತದೆ, ಮಗು ಮೊಲೆಯುಣ್ಣುವುದನ್ನು ಬಿಡುತ್ತದೆ. ತಾಯಿ ಅಂಥ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದಾಗ ವೈದ್ಯರು ಮೊದಲು ಮಾಡುವ ಕೆಲಸಗಳಲ್ಲೊಂದು, ಕೊರಳಲ್ಲಿ ನೇತುಹಾಕಿಕೊಂಡ ಸ್ಟೆತಾಸ್ಕೋಪನ್ನು ಆ ಪುಟ್ಟ ಎದೆಯ ಮೇಲಿಟ್ಟು ಆಲಿಸುವುದು. ಈ ಉಪಕರಣವನ್ನು ಲೋಕಕ್ಕೆ ಕೊಟ್ಟವರು ಫ್ರಾನ್ಸ್ ದೇಶದ ಭಕ್ತಿವಂತ ಕಥೋಲಿಕ ವೈದ್ಯ ರೆನೆ ಲಾಯೆನೆಕ್ ಎಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. 2026ರ ಆಗಸ್ಟ್ 13 ಅವರ ಮರಣದ ದ್ವಿಶತಮಾನದ ದಿನ. ಅವರ ಬದುಕನ್ನು ಅರಿಯುವುದರಿಂದ ನಮ್ಮ ಮಕ್ಕಳ ಎದೆಬೇನೆಯ ಬಗೆಗೂ ಕೆಲವು ಸಂಗತಿಗಳು ತಿಳಿಯಾಗುತ್ತವೆ.

ಲಾಯೆನೆಕರು ಜನಿಸಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯದ ಕೆಂಪೇರ್ ಎಂಬ ಊರಿನಲ್ಲಿ. ಐದಾರು ವರ್ಷದ ಬಾಲಕನಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ವಕೀಲರಾಗಿದ್ದರೂ ಸಂಸಾರದ ಹೊಣೆ ಹೊರುವ ಸ್ವಭಾವದವರಲ್ಲ. ಹೀಗಾಗಿ ಮಕ್ಕಳು ಬಂಧುಗಳ ಆಸರೆಗೆ ಬಿದ್ದರು. ಮೊದಲು ಯಾಜಕರಾಗಿದ್ದ ಹಿರಿಯ ಬಂಧುವೊಬ್ಬರ ಬಳಿ, ಬಳಿಕ ನಾಂತ್ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪ ಗಿಯೋಮ್ ಲಾಯೆನೆಕರ ಬಳಿ ಬಾಲಕ ಬೆಳೆದನು. ತಾಯಿಯಿಲ್ಲದ ಆ ಮಗುವಿಗೆ ಚಿಕ್ಕಪ್ಪನೇ ತಂದೆಯೂ ಗುರುವೂ ಆದರು.

ಅದು ಫ್ರೆಂಚ್ ಕ್ರಾಂತಿಯ ಕಾಲ. 1793 ಮತ್ತು 1794ರಲ್ಲಿ ನಾಂತ್ ನಗರವು ಕಂಡ ಘೋರವನ್ನು ಇತಿಹಾಸ ಮರೆತಿಲ್ಲ. ದೇವಾಲಯಗಳು ಮುಚ್ಚಿದವು, ಹತ್ತಾರು ಯಾಜಕರನ್ನು ದೋಣಿಯಲ್ಲಿ ತುಂಬಿ ಲ್ವಾರ್ ನದಿಯಲ್ಲಿ ಮುಳುಗಿಸಲಾಯಿತು, ಚಿಕ್ಕಪ್ಪನ ಮನೆಗೆ ಸಮೀಪದ ಚೌಕದಲ್ಲೇ ಶಿರಚ್ಛೇದ ಯಂತ್ರವನ್ನು ನಿಲ್ಲಿಸಲಾಗಿತ್ತು. ಚಿಕ್ಕಪ್ಪನೂ ಕೆಲಕಾಲ ಸೆರೆವಾಸ ಅನುಭವಿಸಿದರು. ಇಂಥ ದಿನಗಳಲ್ಲಿ ಬೆಳೆದ ಹುಡುಗನು ಮನುಷ್ಯರನ್ನು ದ್ವೇಷಿಸಲು ಕಲಿತಿದ್ದರೆ ಆಶ್ಚರ್ಯವಿರಲಿಲ್ಲ. ಆತನಾದರೋ ಗಾಯಾಳುಗಳ ಶುಶ್ರೂಷೆಯನ್ನು ಕಲಿತನು. ಹದಿನಾಲ್ಕನೆಯ ವಯಸ್ಸಿಗೇ ಸೇನಾ ಆಸ್ಪತ್ರೆಯಲ್ಲಿ ಸಹಾಯಕ ಶಸ್ತ್ರವೈದ್ಯನಾಗಿ ದುಡಿಯತೊಡಗಿದನು.

1801ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಪ್ಯಾರಿಸಿಗೆ ಬಂದ ಲಾಯೆನೆಕರು ಶಾರಿತೆ ಆಸ್ಪತ್ರೆಯಲ್ಲಿ ಕೋರ್ವಿಸಾರ್ ಎಂಬ ಪ್ರಸಿದ್ಧ ವೈದ್ಯರ ಶಿಷ್ಯರಾದರು. ಕೋರ್ವಿಸಾರರು ಎದೆಯನ್ನು ಬೆರಳುಗಳಿಂದ ತಟ್ಟಿ ಒಳಗಿನ ಸ್ಥಿತಿಯನ್ನು ಊಹಿಸುವ ವಿಧಾನಕ್ಕೆ ಮರುಜೀವ ಕೊಟ್ಟವರು. ಆ ವಿಧಾನವನ್ನು 1761ರಲ್ಲಿ ಮೊದಲು ಪ್ರಕಟಿಸಿದವರು ಆಸ್ಟ್ರಿಯದ ಔವೆನ್‌ಬ್ರುಗ್ಗರ್. ಪೀಪಾಯಿಯನ್ನು ತಟ್ಟಿ ಅದರಲ್ಲಿ ದ್ರವ ಎಲ್ಲಿಯವರೆಗಿದೆಯೆಂದು ತಿಳಿಯುವಂತೆ, ಎದೆಯನ್ನು ತಟ್ಟಿದರೆ ಗಾಳಿಯಿರುವಲ್ಲಿ ಒಂದು ದನಿ, ನೀರು ತುಂಬಿದಲ್ಲಿ ಇನ್ನೊಂದು ದನಿ. 1803ರಲ್ಲಿ ಲಾಯೆನೆಕರು ವೈದ್ಯಶಾಸ್ತ್ರ, ಶಸ್ತ್ರವೈದ್ಯ ಎರಡರಲ್ಲೂ ಪ್ರಥಮ ಬಹುಮಾನ ಗಳಿಸಿದರು. 1804ರಲ್ಲಿ ವೈದ್ಯ ಪದವಿ ಪಡೆದರು. ಪ್ಯಾರಿಸಿನ ವಿದ್ಯಾವಂತ ವಲಯಗಳಲ್ಲಿ ಧರ್ಮವನ್ನು ಹೀಗಳೆಯುವುದೇ ಜಾಣತನವೆನಿಸಿದ್ದ ಆ ಕಾಲದಲ್ಲಿ, ಯುವ ಲಾಯೆನೆಕರು ಮಾತೆ ಮರಿಯಮ್ಮನವರ ಸೊಡಾಲಿಟಿಯನ್ನು ಸೇರಿ ತಮ್ಮ ವಿಶ್ವಾಸವನ್ನು ಮರೆಮಾಚದೆ ಬಾಳಿದರು.

1814ರ ಯುದ್ಧದಲ್ಲಿ ಪ್ಯಾರಿಸಿನ ಆಸ್ಪತ್ರೆಗಳು ಗಾಯಾಳುಗಳಿಂದಲೂ ವಿಷಮಜ್ವರದ ರೋಗಿಗಳಿಂದಲೂ ತುಂಬಿದ್ದವು. ಬ್ರಿಟನಿಯಿಂದ ಬಂದಿದ್ದ ಹಳ್ಳಿಗಾಡಿನ ಸೈನಿಕರಿಗೆ ಫ್ರೆಂಚ್ ಭಾಷೆ ಬಾರದು. ತಮ್ಮ ನೋವು ಎಲ್ಲಿಯದೆಂದು ಹೇಳಿಕೊಳ್ಳಲೂ ಆಗದೆ ಅವರು ಸಾಯುತ್ತಿದ್ದರು. ಲಾಯೆನೆಕರು ಅವರನ್ನು ತಮ್ಮ ಆರೈಕೆಗೆ ತೆಗೆದುಕೊಂಡು ಅವರ ಬ್ರೆಟನ್ ನುಡಿಯಲ್ಲೇ ಮಾತನಾಡಿಸಿದರು. ರೋಗಿಯ ಮಾತೃಭಾಷೆಯೂ ಔಷಧಿಯ ಒಂದು ಭಾಗವೆಂಬುದನ್ನು ತಮ್ಮ ನಡತೆಯಿಂದಲೇ ತೋರಿಸಿಕೊಟ್ಟರು.

1816ರಲ್ಲಿ ಅವರು ಪ್ಯಾರಿಸಿನ ನೆಕ್ಕರ್ ಆಸ್ಪತ್ರೆಯ ವೈದ್ಯರಾಗಿ ನೇಮಕಗೊಂಡರು. ಅದೇ ವರ್ಷ ಹೃದ್ರೋಗದ ಲಕ್ಷಣಗಳುಳ್ಳ ಸ್ಥೂಲಕಾಯದ ತರುಣಿಯೊಬ್ಬಳು ಅವರ ಬಳಿಗೆ ಬಂದಳು. ಮೈಯಲ್ಲಿ ಕೊಬ್ಬು ಹೆಚ್ಚಿದ್ದುದರಿಂದ ಎದೆಯನ್ನು ತಟ್ಟಿ ನೋಡಿದರೂ ಏನೂ ತಿಳಿಯಲಿಲ್ಲ. ಕಿವಿಯನ್ನು ನೇರವಾಗಿ ಎದೆಗಿಟ್ಟು ಕೇಳುವ ರೂಢಿ ಹಿಂದಿನಿಂದ ಇದ್ದರೂ, ಯುವತಿಯ ಮಾನಮರ್ಯಾದೆಗೆ ಅದು ತಕ್ಕುದಾಗಿ ಕಾಣಲಿಲ್ಲ. ಆಗ ಅವರಿಗೊಂದು ಸಂಗತಿ ನೆನಪಾಯಿತು: ಉದ್ದನೆಯ ತೊಲೆಯ ಒಂದು ತುದಿಗೆ ಕಿವಿಯಿಟ್ಟರೆ ಮತ್ತೊಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀಚಿದ ಸದ್ದೂ ಸ್ಪಷ್ಟವಾಗಿ ಕೇಳಿಸುತ್ತದೆ. ಬಯಲಿನಲ್ಲಿ ಮಕ್ಕಳು ಹಾಗೆ ಆಡುತ್ತಿದ್ದುದನ್ನು ಅವರು ಕಂಡಿದ್ದರೆಂಬ ಪ್ರತೀತಿಯೂ ಉಂಟು. ತಕ್ಷಣವೇ ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ರೋಗಿಯ ಎದೆಯ ಮೇಲೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟುಕೊಂಡರು. ಬರಿಗಿವಿಗೆ ಕೇಳುವುದಕ್ಕಿಂತ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು. ಹೆಣ್ಣುಮಗಳೊಬ್ಬಳ ಮರ್ಯಾದೆಯನ್ನು ಕಾಯುವ ಸಂಕೋಚದಿಂದಲೇ ವೈದ್ಯಲೋಕದ ಬಹುದೊಡ್ಡ ಉಪಕರಣವೊಂದು ಹುಟ್ಟಿತೆಂಬುದು ಗಮನಾರ್ಹ.

ಕೊಳಲು ನುಡಿಸುವ ಹವ್ಯಾಸವಿದ್ದ, ಮರಗೆಲಸವನ್ನೂ ಬಲ್ಲ ಲಾಯೆನೆಕರು ಕಾಗದದ ಸುರುಳಿಯಿಂದ ಮುಂದುವರಿದು, ಸುಮಾರು ಒಂದು ಅಡಿ ಉದ್ದದ ಮರದ ಕೊಳವೆಯನ್ನು ಚರಕಿಯ ಮೇಲೆ ತಾವೇ ಕಡೆದು ಸಿದ್ಧಪಡಿಸಿದರು. ಗ್ರೀಕ್ ಭಾಷೆಯಲ್ಲಿ ಎದೆಯನ್ನು ಪರೀಕ್ಷಿಸುವ ಸಾಧನವೆಂಬ ಅರ್ಥ ಬರುವಂತೆ ಅದಕ್ಕೆ ಸ್ಟೆತಾಸ್ಕೋಪ್ ಎಂದು ಹೆಸರಿಟ್ಟರು.

ಆದರೆ ಕೊಳವೆಯನ್ನು ಮಾಡಿದ್ದು ಅವರ ಸಾಧನೆಯ ಸಣ್ಣ ಪಾಲು ಮಾತ್ರ. ದನಿ ಕೇಳಿಸಿದರೆ ಸಾಲದು, ಅದರ ಅರ್ಥ ತಿಳಿಯಬೇಕಲ್ಲವೇ? ಅವರು ಪ್ರತಿಯೊಬ್ಬ ರೋಗಿಯ ಎದೆಯಲ್ಲಿ ಕೇಳಿದುದನ್ನು ಬರೆದಿಟ್ಟುಕೊಂಡರು. ರೋಗಿ ಮರಣಹೊಂದಿದರೆ ದೇಹವನ್ನು ಪರೀಕ್ಷಿಸಿ, ಯಾವ ದನಿಗೆ ಶ್ವಾಸಕೋಶದ ಯಾವ ವಿಕಾರ ಹೊಂದುತ್ತದೆಂದು ತಾಳೆ ನೋಡಿದರು. ಕಾದ ಪಾತ್ರೆಯಲ್ಲಿ ಉಪ್ಪು ಚಿಟಪಟಗುಟ್ಟುವಂಥ ಸದ್ದು ನ್ಯುಮೋನಿಯಾದ ಆರಂಭವನ್ನು ತೋರುತ್ತದೆ. ಶ್ವಾಸಕೋಶವು ಯಕೃತ್ತಿನ ಮಾಂಸದಂತೆ ಗಟ್ಟಿಯಾದಾಗ ಆ ಸದ್ದು ಅಡಗಿ ಬೇರೊಂದು ದನಿ ಹುಟ್ಟುತ್ತದೆ. ಪಕ್ಕೆಯಲ್ಲಿ ನೀರು ಸೇರಿದರೆ ರೋಗಿಯ ಮಾತು ಆಡಿನ ಕೂಗಿನಂತೆ ನಡುಗಿ ಕೇಳಿಸುತ್ತದೆ. ಹೀಗೆ ಮೂರು ವರ್ಷಗಳ ಪರಿಶ್ರಮದ ಫಲವಾಗಿ 1819ರಲ್ಲಿ ಅವರ ಎರಡು ಸಂಪುಟಗಳ ಗ್ರಂಥ ಪ್ರಕಟವಾಯಿತು. ಅಲ್ಲಿಯವರೆಗೆ ಸತ್ತ ಮೇಲೆ ಮಾತ್ರ ತಿಳಿಯುತ್ತಿದ್ದುದು ಈಗ ಬದುಕಿರುವಾಗಲೇ ತಿಳಿಯುವಂತಾಯಿತು. ಎಲ್ಲ ರೋಗಕ್ಕೂ ಉರಿಯೂತವೊಂದೇ ಮೂಲವೆಂದು ಸಾರಿ ರಕ್ತ ತೆಗೆಯುವುದನ್ನೇ ಮದ್ದಾಗಿ ವಿಧಿಸುತ್ತಿದ್ದ ಬ್ರೂಸೆ ಎಂಬ ಪ್ರಬಲ ವೈದ್ಯರು ಅವರನ್ನು ಕಟುವಾಗಿ ವಿರೋಧಿಸಿದರು. ಆದರೂ ಹೊರದೇಶಗಳ ತರುಣ ವೈದ್ಯರು ನೆಕ್ಕರ್ ಆಸ್ಪತ್ರೆಯನ್ನು ಹುಡುಕಿಕೊಂಡು ಬಂದರು.

ಅವರ ಅಂತಃಕರಣವನ್ನು ತೋರುವ ಒಂದು ಸಣ್ಣ ಸಂಗತಿಯುಂಟು. ಎದೆಯ ಅಸಹಜ ಸದ್ದುಗಳಿಗೆ ಅವರು ಬಳಸಿದ ಫ್ರೆಂಚ್ ಪದಕ್ಕೆ ಜನರ ಬಾಯಲ್ಲಿ ಸಾಯುವವರ ಗೊರಲು ಎಂಬ ಅರ್ಥವಿತ್ತು. ಹಾಸಿಗೆಯ ಪಕ್ಕದಲ್ಲಿ ವೈದ್ಯರು ಆ ಪದವನ್ನಾಡಿದರೆ ರೋಗಿ ತನ್ನ ಕೊನೆಗಾಲ ಬಂತೆಂದು ಹೆದರುವನು. ಆದ್ದರಿಂದ ರೋಗಿಯ ಮುಂದೆ ನುಡಿಯಲು ಬೇರೊಂದು ಪದವನ್ನು ಆರಿಸಿಕೊಂಡರು.

ಅತಿದುಡಿಮೆಯಿಂದ ಅವರ ದೇಹ ಸೊರಗಿತು. 1819ರಲ್ಲಿ ಬ್ರಿಟನಿಯ ತಮ್ಮ ತೋಟದ ಮನೆಗೆ ಹಿಂದಿರುಗಿ, ಚೇತರಿಸಿಕೊಂಡು 1821ರಲ್ಲಿ ಮತ್ತೆ ಪ್ಯಾರಿಸಿಗೆ ಬಂದರು. ಪ್ರಾಧ್ಯಾಪಕ ಪದವಿಯೂ ರಾಜಮನ್ನಣೆಯೂ ದೊರೆತವು. ಬಡವರ ಮೇಲಿನ ಮಮತೆ ಕುಗ್ಗಲಿಲ್ಲ. 1824ರಲ್ಲಿ ವಿವಾಹವಾದರು. ಪ್ರಯಾಣದಲ್ಲೊಮ್ಮೆ ಗಾಡಿ ಮಗುಚಿಬಿದ್ದು, ಅದನ್ನೆತ್ತಿ ನಿಲ್ಲಿಸಿದ ಮೇಲೆ ದಂಪತಿಗಳು ಜಪಸರವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದರೆಂದು ಹೇಳಲಾಗುತ್ತದೆ. 1826ರಲ್ಲಿ ಗ್ರಂಥದ ಎರಡನೆಯ ಆವೃತ್ತಿ ಹೊರಬರುವ ಹೊತ್ತಿಗೆ ಕೆಮ್ಮು ಮತ್ತು ಜ್ವರ ಅವರನ್ನು ಹಣ್ಣುಮಾಡಿದ್ದವು. ಅವರ ಸ್ಟೆತಾಸ್ಕೋಪನ್ನೇ ಅವರ ಎದೆಯ ಮೇಲಿಟ್ಟು ಆಲಿಸಿದ ಬಂಧು, ವೈದ್ಯ ಮೆರಿಯಾದೆಕ್, ಕ್ಷಯರೋಗದ ಸದ್ದುಗಳನ್ನು ಕೇಳಿದರು. ಲೋಕಕ್ಕೆ ಲಾಯೆನೆಕರೇ ಅರ್ಥ ಹೇಳಿಕೊಟ್ಟಿದ್ದ ಸದ್ದುಗಳವು. 1826ರ ಆಗಸ್ಟ್ 13ರಂದು ನಲವತ್ತೈದನೆಯ ವಯಸ್ಸಿನಲ್ಲಿ ಅವರು ತಮ್ಮ ಹುಟ್ಟುನಾಡಿನಲ್ಲೇ ಪ್ರಭುವಿನಲ್ಲಿ ನಿದ್ರಿಸಿದರು.

ಇನ್ನು ಈ ಜೀವನದ ಅತಿ ಗಂಭೀರವಾದ ಪಾಠಕ್ಕೆ ಬರೋಣ. ನಮ್ಮ ನಾಡಿನ ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯ ದೃಷ್ಟಾಂತ ಪ್ರಸಿದ್ಧ. ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು. ಆದರೆ ಆ ಬೆಂಕಿಯನ್ನು ಹಚ್ಚಿದವರು ಯಾರೆಂಬುದನ್ನು ಹೊಗೆ ಹೇಳುವುದಿಲ್ಲ. ಲಕ್ಷಣವು ಬೇರೆ, ಕಾರಣವು ಬೇರೆ. ಲಾಯೆನೆಕರು ಲಕ್ಷಣದಿಂದ ರೋಗದ ನೆಲೆಯನ್ನು ಗುರುತಿಸುವುದರಲ್ಲಿ ಅದ್ವಿತೀಯರು. ಕಾರಣದ ವಿಷಯದಲ್ಲಿ ಅವರು ಎಡವಿದರು. ಕಠೋರ ನಿಯಮಗಳ ಒಂದು ಕನ್ಯಾಸ್ತ್ರೀ ಮಠಕ್ಕೆ ಅವರು ಹತ್ತು ವರ್ಷ ವೈದ್ಯರಾಗಿದ್ದರು. ಆ ಅವಧಿಯಲ್ಲಿ ಹೆಚ್ಚುಕಡಿಮೆ ಎಲ್ಲ ಸೋದರಿಯರೂ ಕ್ಷಯದಿಂದ ಸತ್ತು, ಮಠವು ಎರಡು ಮೂರು ಬಾರಿ ಹೊಸಬರಿಂದ ತುಂಬಿತು. ಮಠದ ಹಿರಿಯರು, ಬಾಗಿಲು ಕಾಯುವವರು, ತೋಟ ನೋಡಿಕೊಳ್ಳುವವರು ಮುಂತಾದ ಕೆಲವರಷ್ಟೇ ಉಳಿದರು. ಒಳಗೇ ಇದ್ದವರ ಮನಸ್ಸಿನ ದುಃಖ ಮತ್ತು ಭಯಗಳೇ ರೋಗಕ್ಕೆ ಕಾರಣವೆಂದು ಲಾಯೆನೆಕರು ತೀರ್ಮಾನಿಸಿದರು. ಮುಚ್ಚಿದ ಕೋಣೆಗಳಲ್ಲಿ ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ರೋಗ ದಾಟುತ್ತಿತ್ತೆಂಬುದು ಕಣ್ಣೆದುರಿಗಿದ್ದರೂ ಹೊಳೆಯಲಿಲ್ಲ. ಕ್ಷಯದ ಶವವೊಂದನ್ನು ಪರೀಕ್ಷಿಸುವಾಗ ಗರಗಸ ತಗಲಿ ಅವರ ಬೆರಳಿನಲ್ಲೇ ಒಂದು ಗಂಟು ಎದ್ದಿತ್ತು. ಅದನ್ನು ಸುಟ್ಟು ವಾಸಿಮಾಡಿಕೊಂಡ ಮೇಲೆ ಅದರಿಂದ ಅಪಾಯವಿಲ್ಲವೆಂದೇ ನಂಬಿದರು.

ಅವರ ಕಾಲದಲ್ಲಿ ಸೂಕ್ಷ್ಮಜೀವಿಗಳ ಜ್ಞಾನವಿರಲಿಲ್ಲವಾದ್ದರಿಂದ ನಾವು ಅವರನ್ನು ದೂಷಿಸಲಾಗದು. ನ್ಯುಮೋನಿಯಾವನ್ನುಂಟುಮಾಡುವ ಬಹುಮುಖ್ಯ ಬ್ಯಾಕ್ಟೀರಿಯವಾದ ನ್ಯುಮೊಕಾಕಸನ್ನು 1881ರಲ್ಲಿ ಫ್ರಾನ್ಸಿನಲ್ಲಿ ಪಾಶ್ಚರರೂ ಅಮೆರಿಕದಲ್ಲಿ ಸ್ಟರ್ನ್‌ಬರ್ಗರೂ ಬೇರೆಬೇರೆಯಾಗಿ ಕಂಡರು. 1882ರಲ್ಲಿ ಕಾಖ್ ಕ್ಷಯದ ಸೂಕ್ಷ್ಮಾಣುವನ್ನು ಲೋಕಕ್ಕೆ ತೋರಿಸಿದರು. 1895ರಲ್ಲಿ ಎಕ್ಸ್-ಕಿರಣಗಳು ಪತ್ತೆಯಾದವು. ಎಳೆಯ ಮಕ್ಕಳ ಎದೆಗೆ ಇಳಿಯುವ ಆರ್‌ಎಸ್‌ವಿ ಎಂಬ ವೈರಸ್ 1956ರಲ್ಲಿ ಗೊತ್ತಾಯಿತು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಮಗುವಿನ ನ್ಯುಮೋನಿಯಾಕ್ಕೆ ಕಾರಣ ಇಂಥದೇ ಎಂದು ಬೆರಳಿಟ್ಟು ತೋರಿಸುವುದು ಇಂದಿಗೂ ಸುಲಭವಲ್ಲ. ಎಳೆಯ ಮಗುವಿಗೆ ಕಫವನ್ನು ಕೆಮ್ಮಿ ಉಗುಳಲು ಬಾರದು. ರೋಗವಿರುವುದು ಶ್ವಾಸಕೋಶದ ಆಳದಲ್ಲಿ. ಅಲ್ಲಿಂದ ಮಾದರಿ ತೆಗೆಯುವುದು ಅಪಾಯಕರ. ರಕ್ತಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಸಿಕ್ಕುವುದು ಕೆಲವೇ ಮಕ್ಕಳಲ್ಲಿ. ಮೂಗಿನ ದ್ರವದಲ್ಲಿ ಸೂಕ್ಷ್ಮಾಣು ಸಿಕ್ಕಿತೆಂದರೂ ಅದೇ ಕಾರಣವೆನ್ನಲಾಗದು. ಆರೋಗ್ಯವಂತ ಮಕ್ಕಳ ಮೂಗಿನಲ್ಲೂ ಅವು ವಾಸಿಸುತ್ತವೆ. ಎಕ್ಸ್-ರೇ ಕೂಡ ಹೊಗೆಯನ್ನು ತೋರಿಸುತ್ತದೆಯೇ ಹೊರತು ಹಚ್ಚಿದವರನ್ನಲ್ಲ. ಏಷ್ಯ ಮತ್ತು ಆಫ್ರಿಕದ ಏಳು ದೇಶಗಳಲ್ಲಿ, ಆಸ್ಪತ್ರೆ ಸೇರುವಷ್ಟು ತೀವ್ರ ನ್ಯುಮೋನಿಯಾ ಇದ್ದ ಮಕ್ಕಳನ್ನೂ ಆರೋಗ್ಯವಂತ ಮಕ್ಕಳನ್ನೂ ಹೋಲಿಸಿ ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕಾರಣಗಳಲ್ಲಿ ಸುಮಾರು 61 ಪಾಲು ವೈರಸ್‌ಗಳು, 27 ಪಾಲು ಬ್ಯಾಕ್ಟೀರಿಯಗಳು, 6 ಪಾಲು ಕ್ಷಯ. ಆರ್‌ಎಸ್‌ವಿ ಒಂದೇ 31 ಪಾಲು. ಆದರೂ ಎದುರಿಗಿರುವ ಈ ಮಗುವಿನಲ್ಲಿ ಬ್ಯಾಕ್ಟೀರಿಯ ಇಲ್ಲವೆಂದು ಖಚಿತಪಡಿಸಿಕೊಳ್ಳಲಾಗದ ಕಾರಣ, ನ್ಯುಮೋನಿಯಾ ಎಂದು ಕಂಡಲ್ಲಿ ವೈದ್ಯರು ಆ್ಯಂಟಿಬಯೋಟಿಕ್ ಕೊಡುತ್ತಾರೆ. ಉಸಿರು ಸಹಜವಾಗಿರುವ ಬರಿಯ ನೆಗಡಿ ಕೆಮ್ಮಿಗೆ ಅದು ಬೇಕಿಲ್ಲ. ಅಂಗಡಿಯಿಂದ ಕೇಳಿ ತಂದು ಕುಡಿಸುವುದು ಹಾನಿಕರ.

ಹಾಗಾದರೆ ಸ್ಟೆತಾಸ್ಕೋಪೂ ಇಲ್ಲದ, ಎಕ್ಸ್-ರೇಯೂ ಇಲ್ಲದ ನಮ್ಮ ತಾಂಡಾಗಳಲ್ಲಿ, ಹಟ್ಟಿಗಳಲ್ಲಿ ರೋಗವನ್ನು ತಿಳಿಯುವುದು ಹೇಗೆ? 1980ರ ದಶಕದಲ್ಲಿ ಪಪುವಾ ನ್ಯೂಗಿನಿಯ ಬೆಟ್ಟಗಾಡಿನಲ್ಲಿ ದುಡಿದ ವೈದ್ಯರು ಈ ಪ್ರಶ್ನೆಗೆ ಸರಳವಾದ ಉತ್ತರ ಕಂಡುಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಂಗೀಕರಿಸಿತು. ಮಗು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇದಿದರೆ ಅಪಾಯ ಇನ್ನೂ ಹೆಚ್ಚು. ಮಗು ಹಾಲು ಕುಡಿಯಲಾರದಿದ್ದರೆ, ಕುಡಿದುದನ್ನೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ಕೂಡಲೇ ದೊಡ್ಡ ಆಸ್ಪತ್ರೆಗೆ, ಬಳ್ಳಾರಿಗೋ ದಾವಣಗೆರೆಗೋ, ಸಾಗಿಸಬೇಕು. 108 ವಾಹನ ಇರುವುದು ಇದಕ್ಕಾಗಿಯೇ. ಎರಡು ತಿಂಗಳೊಳಗಿನ ಕೂಸಾದರೆ ವೇಗದ ಉಸಿರೊಂದೇ ಸಾಕು, ಕಾಯುತ್ತ ಕೂರಬಾರದು.

ಕಾರಣದ ತಪ್ಪು ತಿಳಿವಳಿಕೆ ಇಲ್ಲಿಯೂ ಪ್ರಾಣ ತೆಗೆಯುತ್ತದೆ. ಗಾಳಿ ಸೋಕಿತೆಂದು, ದೃಷ್ಟಿ ತಾಗಿತೆಂದು ಬಗೆದು ಕೂಸಿನ ಹೊಟ್ಟೆ ಎದೆಗಳಿಗೆ ಬರೆ ಹಾಕಿಸುವ ಪದ್ಧತಿ ಉತ್ತರ ಕರ್ನಾಟಕದ ಕೆಲವೆಡೆ ಇಂದಿಗೂ ಪೂರ್ತಿ ಅಳಿದಿಲ್ಲ. ಬರೆಯಿಂದ ಸೋಂಕು ವಾಸಿಯಾಗದು. ಹೊಸ ಗಾಯವಾಗುತ್ತದೆ, ಅಮೂಲ್ಯವಾದ ಒಂದು ಹಗಲು ಇರುಳು ಕಳೆದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಲೋಕದಾದ್ಯಂತ ಐದು ವರ್ಷದೊಳಗಿನ 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ಸತ್ತರು. ಇವರಲ್ಲಿ ಬಹುಮಂದಿ ಸಕಾಲದಲ್ಲಿ ಚಿಕಿತ್ಸೆ ದೊರೆತಿದ್ದರೆ ಉಳಿಯಬಹುದಾದವರು.

ಸೂಕ್ಷ್ಮಾಣುವೊಂದೇ ಕಾರಣವೂ ಅಲ್ಲ. ಅದು ಬೀಜವಾದರೆ ನೆಲವನ್ನು ಹದಮಾಡಿಕೊಡುವ ಕಾರಣಗಳು ನಮ್ಮ ಮನೆಯೊಳಗೇ ಇವೆ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸಿದ ಹೊಗೆ, ತೊಟ್ಟಿಲ ಬಳಿಯ ಬೀಡಿ, ಎಳವೆಯ ಮದುವೆಯಿಂದ ತೂಕ ಕಡಿಮೆಯಾಗಿ ಹುಟ್ಟಿದ ಕೂಸು, ಅಪೌಷ್ಟಿಕತೆ, ಆರು ತಿಂಗಳು ತುಂಬುವ ಮುನ್ನವೇ ಎದೆಹಾಲು ತಪ್ಪಿಸುವುದು, ದುಡಿಮೆಗೆಂದು ಬೆಂಗಳೂರಿಗೂ ಕಾಫಿ ತೋಟಗಳಿಗೂ ಗುಳೆ ಹೋಗುವಾಗ ತಪ್ಪಿಹೋಗುವ ಲಸಿಕೆ, ಇವೆಲ್ಲವೂ ಕಾರಣಗಳೇ. ನ್ಯುಮೊಕಾಕಸ್ ಲಸಿಕೆಯನ್ನು ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ, ಹಿಬ್ ಸೋಂಕನ್ನೂ ತಡೆಯುವ ಪೆಂಟಾವೇಲೆಂಟ್ ಲಸಿಕೆಯನ್ನು ಆರು, ಹತ್ತು, ಹದಿನಾಲ್ಕು ವಾರಗಳಿಗೆ, ದಡಾರದ ಲಸಿಕೆಯನ್ನು ಒಂಬತ್ತು ತಿಂಗಳಿಗೂ ಒಂದೂವರೆ ವರ್ಷದ ಸುಮಾರಿಗೂ ಸರ್ಕಾರ ಉಚಿತವಾಗಿ ಕೊಡುತ್ತಿದೆ. ತಾಯಿ ಕಾರ್ಡನ್ನು ಜೋಪಾನವಾಗಿಟ್ಟುಕೊಂಡು ಹೋದ ಊರಿನಲ್ಲೇ ಹಾಕಿಸಬಹುದು.

ಲಾಯೆನೆಕರಿಗೆ ಕ್ಷಯದ ಕಾರಣ ತಿಳಿಯಲಿಲ್ಲ. ಆ ಕ್ಷಯವೇ ಅವರನ್ನು ಕೊಂಡೊಯ್ದಿತು. ನಮಗಾದರೋ ಕಾರಣಗಳು ಬಹುಮಟ್ಟಿಗೆ ತಿಳಿದಿವೆ, ಆದ್ದರಿಂದ ನಮ್ಮ ಹೊಣೆಯೂ ಹಿರಿದು. ದೇವರು ಕೊಟ್ಟ ಕೂಸಿಗಾಗಿ ಪ್ರಾರ್ಥಿಸುವ ಮನೆಯಲ್ಲಿ ಆ ಕೂಸಿನ ಉಸಿರನ್ನು ಎಣಿಸಲು ಬಲ್ಲವರೊಬ್ಬರಾದರೂ ಇರಲಿ. ಅಜ್ಜಿಯಾಗಲಿ, ಅಕ್ಕನಾಗಲಿ, ಶಾಲೆಗೆ ಹೋಗುವ ಅಣ್ಣನಾಗಲಿ ಇದನ್ನು ಕಲಿಯಬಹುದು. ಕಲಿತವರು ನೆರೆಮನೆಯವರಿಗೂ, ಅವರು ಯಾವ ಧರ್ಮದವರೇ ಆಗಿರಲಿ, ಕಲಿಸಲಿ. ಈ ವರ್ಷದ ಚಳಿಗಾಲ ಬರುವ ಮುನ್ನವೇ ನಮ್ಮ ಕುಟುಂಬಗಳು ಈ ಸಣ್ಣ ವಿದ್ಯೆಯನ್ನು ಕೈವಶ ಮಾಡಿಕೊಳ್ಳುವುದು ಒಳಿತು.